ಕಪ್ಲಿಂಗಿನ ಫಜೀತಿ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಕೊಡುವವರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ಚಂದ್ರ, ತಾಯಿ, ಸ್ನೇಹ, ಮುಂಗಾರು ಮಳೆ ಇವುಗಳ ಮೇಲೆ ಬರೆಯುತ್ತಾರೆ. ಇನ್ನೊಂದು ಪಂಗಡದವರು ದೇಶದ ಮುಂದಿರುವ ಸಮಸ್ಯೆಗಳನ್ನು ಎರಡೇ ಪುಟಗಳಲ್ಲಿ ಬಗೆಹರಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಚಂದ್ರನ ಪರಿಚಯ ಅಷ್ಟಕ್ಕಷ್ಟೆ. ದೇಶದ ಸಮಸ್ಯೆಗಳೋ ನನ್ನ ಮಾತು ಕೇಳಿ ಬಗೆಹರಿಯುವಂಥವಲ್ಲ. "ಹಾಗಾದರೆ ನಿನಗೆ ಚೆನ್ನಾಗಿ ಗೊತ್ತಿರುವುದನ್ನೇ ಬರಿಯಪ್ಪ" ಎಂದರು ಕನ್ನಡ ಮೇಷ್ಟರು. ಮೂರು ವರ್ಷ ಬಿ.ಎ. ಓದಿದ ಮೇಲೆ ನನಗೆ ಚೆನ್ನಾಗಿ ಗೊತ್ತಿರುವುದು ಯಾವುದು ಎಂದು ಒಂದು ದಿನವೆಲ್ಲ ಯೋಚಿಸಿದೆ. ಕೊನೆಗೆ ಕಪ್ಲಿಂಗು ಒಂದೇ ಉಳಿಯಿತು.

ಕಪ್ಲಿಂಗು ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಉಕ್ಕಿನ ವಸ್ತು. ಟ್ರಾಕ್ಟರಿನ ಹಿಂದೆ ಮಣ್ಣು, ಜಲ್ಲಿ, ಕಟ್ಟಡ ಒಡೆದ ಕಸ ತುಂಬಿಕೊಂಡು ಹೋಗುವ ಟ್ರೈಲರನ್ನು ವಾಚಕರೆಲ್ಲರೂ ನೋಡಿದ್ದೀರಿ. ಅದರ ಹಿಂದೆ ಸಿಕ್ಕಿಕೊಂಡು ಮೊದಲನೆಯ ಪಿರಿಯಡ್ಡಿಗೆ ತಡವಾಗಿ ಬಂದವರೂ ನಿಮ್ಮಲ್ಲಿ ಇದ್ದಾರು. ಆ ಟ್ರೈಲರಿನ ತೊಟ್ಟಿ ತಾನಾಗಿಯೇ ಮೇಲೆದ್ದು ಮಣ್ಣನ್ನು ಸುರಿಯುತ್ತದಲ್ಲ, ಅದನ್ನು ಎತ್ತುವುದು ಎಣ್ಣೆ. ಟ್ರಾಕ್ಟರಿನ ಪಂಪು ಎಣ್ಣೆಯನ್ನು ಒತ್ತುತ್ತದೆ. ಒಂದು ದಪ್ಪ ರಬ್ಬರು ಹೋಸು ಅದನ್ನು ಟ್ರೈಲರಿನ ಹೊಟ್ಟೆಯ ಕೆಳಗಿನ ಜಾಕಿಗೆ ಒಯ್ಯುತ್ತದೆ. ಜಾಕು ಒಂದರೊಳಗಿನಿಂದ ಒಂದಾಗಿ ಉದ್ದವಾಗುತ್ತ ತೊಟ್ಟಿಯನ್ನು ಎತ್ತುತ್ತದೆ. ಹೋಸು ಟ್ರಾಕ್ಟರನ್ನು ಸೇರುವ ಜಾಗದಲ್ಲಿ ಕೂತಿರುವುದೇ ನಮ್ಮ ಕಥಾನಾಯಕ. ಅದು ಸರಿಯಿದ್ದಾಗ ಯಾರೂ ಅದರ ಕಡೆ ನೋಡುವುದಿಲ್ಲ. ಅದು ಮುನಿಸಿಕೊಂಡಿತೋ, ಲಕ್ಷಾಂತರ ರೂಪಾಯಿಯ ಟ್ರಾಕ್ಟರು, ಐದು ಟನ್ ಜಲ್ಲಿ, ಡ್ರೈವರು, ಇಬ್ಬರು ಕೂಲಿಯವರು, ಮನೆ ಕಟ್ಟಿಸುವ ಯಜಮಾನರು ಎಲ್ಲರೂ ರಸ್ತೆಯಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲಬೇಕು.

ನಮ್ಮ ಮನೆ ಇರುವುದು ಹೆಬ್ಬಾಳದ ಮಗ್ಗುಲಿನ ಕೆಂಪಾಪುರದಲ್ಲಿ. "ಕೆಂಪಾಪುರದಲ್ಲಿ ಟ್ರಾಕ್ಟರೇ? ಅಲ್ಲಿ ಹೊಲ ಎಲ್ಲಿದೆ?" ಎಂದು ನನ್ನ ಸ್ನೇಹಿತರು ನಗುತ್ತಾರೆ. ನಗುವಂಥ ಮಾತೇ ನಿಜ. ನಮ್ಮ ತಾತ ರಾಗಿ ಬೆಳೆದವರು; ಸುತ್ತಮುತ್ತ ದ್ರಾಕ್ಷಿ ಚಪ್ಪರಗಳಿದ್ದುದನ್ನು ಅಪ್ಪ ಕಂಡಿದ್ದಾರೆ. ಹೊರವರ್ತುಲ ರಸ್ತೆ ಬಂತು, 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂತು, 2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಬಂತು. ಇವೆಲ್ಲ ಬರುತ್ತಿದ್ದ ಹಾಗೆ ಹೊಲಗಳು ಒಂದೊಂದಾಗಿ ಸೈಟುಗಳಾದವು. ಎತ್ತುಗಳು ಹೋದವು. ಟ್ರಾಕ್ಟರು ಮಾತ್ರ ಉಳಿಯಿತು. ನೇಗಿಲನ್ನು ಕಳಚಿಟ್ಟು ಟ್ರೈಲರು ಕಟ್ಟಿಕೊಂಡಿತು. ಬೇಸಗೆಯಲ್ಲಿ ನೀರಿನ ಟ್ಯಾಂಕರು ಕಟ್ಟಿಕೊಂಡಿತು. ತಾತ ಉತ್ತ ಮಣ್ಣನ್ನೇ ಅಪ್ಪ ಪಾಯದಿಂದ ತೆಗೆದು ದೂರ ಸಾಗಿಸಿದರು ಎಂದರೆ ಉತ್ಪ್ರೇಕ್ಷೆಯಲ್ಲ.

ಇದರಲ್ಲಿ ಒಂದು ವಿಚಿತ್ರವುಂಟು. ಮೈಸೂರು ಸಂಸ್ಥಾನದಲ್ಲಿ ಶಾಸ್ತ್ರೀಯ ವ್ಯವಸಾಯದ ಪ್ರಯೋಗಕ್ಕೆ ನೆಲೆ ಸಿಕ್ಕಿದ್ದು ನಮ್ಮ ಹೆಬ್ಬಾಳದಲ್ಲಿಯೇ. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಅಲ್ಲಿ 30 ಎಕರೆ ಜಮೀನು ಕೊಟ್ಟರು. 1913ರಲ್ಲಿ ವ್ಯವಸಾಯ ಶಾಲೆ, 1946ರಲ್ಲಿ ವ್ಯವಸಾಯ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹೀಗೆ ಅದು ಬೆಳೆಯಿತು. ಜಿ.ಕೆ.ವಿ.ಕೆ.ಯ ಕೃಷಿಮೇಳಕ್ಕೆ ಅಪ್ಪ ನನ್ನನ್ನು ಚಿಕ್ಕಂದಿನಿಂದಲೂ ಕರೆದುಕೊಂಡು ಹೋಗುತ್ತಿದ್ದರು. ಮೇಳಕ್ಕೆ ಬಂದ ಬೇರೆಯವರು ಹೊಸ ತಳಿಯ ರಾಗಿ ನೋಡುತ್ತಿದ್ದರೆ, ಅಪ್ಪ ನೇರವಾಗಿ ಯಂತ್ರಗಳ ಮಳಿಗೆಗೆ ಹೋಗಿ, ಬಣ್ಣ ಮಾಸದ ಟ್ರಾಕ್ಟರುಗಳ ಹಿಂಭಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಕಪ್ಲಿಂಗಿನ ಬಳೆಯನ್ನು ಹಿಂದಕ್ಕೆಳೆದು ಬಿಟ್ಟು, ಎಳೆದು ಬಿಟ್ಟು, 'ಟಕ್' ಎಂಬ ಸದ್ದನ್ನು ಕೇಳುತ್ತಿದ್ದರು. ಮಾರಾಟದ ಹುಡುಗ ಅಶ್ವಶಕ್ತಿಯ ಲೆಕ್ಕ ಹೇಳಿದರೆ ಅವರಿಗೆ ಅದು ಬೇಕಿರಲಿಲ್ಲ.

ಈ ಕಪ್ಲಿಂಗಿನಲ್ಲಿ ಎರಡು ಭಾಗ. ಟ್ರಾಕ್ಟರಿನ ಕಡೆಯದು ಹೆಣ್ಣು, ಹೋಸಿನ ತುದಿಯದು ಗಂಡು. ಇದು ನಾನು ಕಟ್ಟಿದ ಹೆಸರಲ್ಲ. ಅಂಗಡಿಯಲ್ಲಿ ಹೀಗೇ ಕೇಳಬೇಕು. ಎರಡರ ಒಳಗೂ ಒಂದೊಂದು ಪುಟ್ಟ ಕವಾಟ, ಅದರ ಬೆನ್ನಿಗೆ ಒಂದು ಸ್ಪ್ರಿಂಗು. ಬೇರೆ ಬೇರೆ ಇರುವಾಗ ಎರಡು ಕವಾಟಗಳೂ ಮುಚ್ಚಿರುತ್ತವೆ, ಎಣ್ಣೆ ಹೊರಗೆ ಬರುವುದಿಲ್ಲ. ಸೇರಿಸಿದಾಗ ಒಂದರ ಮೂತಿ ಇನ್ನೊಂದರ ಮೂತಿಯನ್ನು ಒತ್ತಿ ಎರಡೂ ಹಿಂದೆ ಸರಿಯುತ್ತವೆ, ದಾರಿ ತೆರೆಯುತ್ತದೆ. ಹೆಣ್ಣುಭಾಗದ ಕತ್ತಿನ ಸುತ್ತ ಉಕ್ಕಿನ ಗುಂಡುಗಳ ಸಾಲು ಇದೆ; ಅವು ಗಂಡಿನ ಮೈಮೇಲಿನ ಕೊರೆಯಲ್ಲಿ ಕೂತು ಹಿಡಿದುಕೊಳ್ಳುತ್ತವೆ; ಹೊರಗಿನ ಬಳೆ ಆ ಗುಂಡುಗಳನ್ನು ಜಾರದಂತೆ ಅದುಮುತ್ತದೆ. ಒಳಗೆ ಒಂದು ರಬ್ಬರಿನ ಓರಿಂಗು. ಇಷ್ಟೇ ಸಂಸಾರ. ಆದರೆ ಈ ಸಂಸಾರದ ಒಳಗೆ ಹರಿಯುವ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 150ರಿಂದ 200 ಕಿಲೋ. ಕಾರಿನ ಚಕ್ರದ ಗಾಳಿಯ ಒತ್ತಡ 2 ಕಿಲೋದ ಆಜುಬಾಜು ಎಂಬುದನ್ನು ನೆನೆದರೆ ಇದರ ಜೋರು ತಿಳಿಯುತ್ತದೆ.

ಮುಚ್ಚಿದ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪ್ಯಾಸ್ಕಲ್ ಎಂಬ ಫ್ರೆಂಚ್ ಪಂಡಿತ ಹೇಳಿದ. ಅವನ ಗ್ರಂಥ ಅವನು ತೀರಿಕೊಂಡ ಮೇಲೆ 1663ರಲ್ಲಿ ಅಚ್ಚಾಯಿತು. ಅದನ್ನು ಹಿಡಿದು ಇಂಗ್ಲೆಂಡಿನ ಬ್ರಾಮಾ ಎಂಬಾತ 1795ರಲ್ಲಿ ನೀರಿನ ಒತ್ತುಯಂತ್ರ ಮಾಡಿದ. ಯಂತ್ರವೇನೋ ಆಯಿತು, ಆದರೆ ಸಂದಿಯಲ್ಲಿ ನೀರು ಸೋರಿ ಅವನ ಪ್ರಾಣ ತಿಂದಿತಂತೆ. ಕೊನೆಗೆ ಅವನ ಕೈಕೆಳಗಿದ್ದ ಮಾಡ್ಸ್ಲೆ ಎಂಬ ಕೆಲಸಗಾರ ಚರ್ಮದ ಒಂದು ಬಟ್ಟಲನ್ನು ಒಳಗೆ ಕೂಡಿಸಿ ಸೋರಿಕೆ ನಿಲ್ಲಿಸಿದನೆಂದು ಹೇಳುತ್ತಾರೆ. ಇದನ್ನು ಲೈಬ್ರರಿಯಲ್ಲಿ ಓದಿ ಮನೆಗೆ ಬಂದು ಹೇಳಿದಾಗ ಅಪ್ಪ ಬಹಳ ಸಂತೋಷಪಟ್ಟರು. "ಅಂಗಾರೆ ಅವತ್ನಿಂದ್ಲೂ ಸೋರ್ತಾನೇ ಐತೆ ಅನ್ನು" ಎಂದರು.

ಕಪ್ಲಿಂಗಿನ ಮೊದಲನೆಯ ಹಟ ಸೇರದೇ ಇರುವುದು. ನೆನ್ನೆ ಸಂಜೆ ಬಿಚ್ಚಿಟ್ಟದ್ದು ಇಂದು ಮಧ್ಯಾಹ್ನ ಸೇರುವುದಿಲ್ಲ. ಬಳೆ ಎಳೆದು, ಗಂಡನ್ನು ಒಳಗೆ ತುರುಕಿ, ಎರಡು ಕೈಯಿಂದ ಒತ್ತಿ, ಮಂಡಿಯಿಂದ ಒತ್ತಿ, ಏನು ಮಾಡಿದರೂ ಗಂಡಿನ ಕವಾಟ ಹಿಂದೆ ಸರಿಯದು. ನೋಡುವವರಿಗೆ ತುಕ್ಕು ಹಿಡಿದಿದೆ ಎನ್ನಿಸುತ್ತದೆ. ಕೂಡಲೇ ಒಬ್ಬ ಪುಣ್ಯಾತ್ಮ ಸುತ್ತಿಗೆ ತಂದು ಕೊಡುತ್ತಾನೆ. ಇಂಥ ಪುಣ್ಯಾತ್ಮರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಬೇರೆ ಕೆಲಸ ಇದ್ದಂತೆ ಕಾಣುವುದಿಲ್ಲ. ಸುತ್ತಿಗೆಯ ಏಟು ಬಿದ್ದರೆ ಕವಾಟದ ಮೂತಿ ಹರಡಿ, ಆಮೇಲೆ ಅದು ಮುಚ್ಚಬೇಕಾದಾಗಲೂ ಮುಚ್ಚುವುದಿಲ್ಲ.

ತುಕ್ಕಲ್ಲ, ಒಳಗೆ ಸಿಕ್ಕಿಬಿದ್ದ ಒತ್ತಡವೇ ಇದರ ಕಾರಣ. ಹಿಂದಿನ ದಿನ ತೊಟ್ಟಿಯನ್ನು ಇಳಿಸುವಾಗ ಅದು ಪೂರ್ತಿ ಕೂತಿರುವುದಿಲ್ಲ. ಕೊನೆಯ ಎರಡು ಬೆರಳಷ್ಟು ಎತ್ತರ ಉಳಿದಿರುತ್ತದೆ. ಡ್ರೈವರಿಗೆ ಮನೆಗೆ ಹೋಗುವ ಅವಸರ, ಕಪ್ಲಿಂಗು ಬಿಚ್ಚಿಬಿಡುತ್ತಾನೆ. ಈಗ ತೊಟ್ಟಿಯ ಭಾರವೆಲ್ಲ ಜಾಕಿನೊಳಗಿನ ಎಣ್ಣೆಯ ಮೇಲೆ, ಎಣ್ಣೆ ಹೋಸಿನಲ್ಲಿ, ಹೋಸಿನ ಬಾಯಿಗೆ ಕವಾಟ. ಮೇಲೆ ಬಿಸಿಲು ಬಿದ್ದರೆ ಇನ್ನೂ ಕಷ್ಟ. ಎಣ್ಣೆ ಡಿಗ್ರಿಯೊಂದಕ್ಕೆ ಹತ್ತು ಸಾವಿರದಲ್ಲಿ ಏಳು ಪಾಲಿನಷ್ಟು ಹಿಗ್ಗುತ್ತದೆ. ಕೇಳುವುದಕ್ಕೆ ಇದು ಬಡ ಲೆಕ್ಕ. ಆದರೆ ಹಿಗ್ಗಲು ಜಾಗವಿಲ್ಲದ ಎಣ್ಣೆ ಎಷ್ಟು ಮುನಿಸಿಕೊಳ್ಳುತ್ತದೆ ಎಂಬುದು ಅಂಗೈಯಿಂದ ಒತ್ತಿದವರಿಗೇ ಗೊತ್ತು. ಕವಾಟದ ಮುಖ ಒಂದು ಚದರ ಸೆಂಟಿಮೀಟರು ಎಂದು ಹಿಡಿದು, ಒಳಗಿನ ಒತ್ತಡ 60 ಕಿಲೋ ಎಂದಿಟ್ಟುಕೊಂಡರೂ ಒಬ್ಬ ಆಳನ್ನು ಎತ್ತುವಷ್ಟು ಬಲ ಬೇಕು. ಒಂದೇ ಕೈಯಲ್ಲಿ, ಬಗ್ಗಿ ನಿಂತು!

ಇದಕ್ಕೆ ಉಪಾಯ ಬಿಚ್ಚುವಾಗಲೇ ಇದೆ. ತೊಟ್ಟಿಯನ್ನು ಪೂರ್ತಿ ಕೂರಿಸಬೇಕು, ಎಂಜಿನ್ ನಿಲ್ಲಿಸಬೇಕು, ಆಮೇಲೂ ಲಿವರನ್ನು ಇಳಿಸುವ ಕಡೆಗೆ ಹಿಡಿದು ಹತ್ತು ಎಣಿಸಬೇಕು. ಹೋಸು ಮೆತ್ತಗಾಗುವುದು ಕೈಗೆ ತಿಳಿಯುತ್ತದೆ. ಆಗ ಬಿಚ್ಚಿದರೆ ಬೆಳಿಗ್ಗೆ ಹಸುವಿನ ಕರುವಿನಂತೆ ಬಂದು ಸೇರುತ್ತದೆ. ಬಿಚ್ಚಿದವನು ಹೀಗೆ ಮಾಡದೆ ಹೋದನೋ, ಸೇರಿಸುವವನಿಗೆ ಎರಡೇ ದಾರಿ: ಟ್ರೈಲರನ್ನು ನೆರಳಿಗೆಳೆದು, ಹೋಸಿನ ಮೇಲೆ ನೀರು ಹಾಕಿದ ಗೋಣಿ ಹೊದಿಸಿ ಕಾಯುವುದು ಒಂದು. ಹೋಸಿನ ಇನ್ನೊಂದು ತುದಿಯ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ, ಮುಖವನ್ನು ಆಚೆ ಇಟ್ಟುಕೊಂಡು, ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲಿಸಿ, ಎಣ್ಣೆ ಜಿನುಗಿದ ಮೇಲೆ ಮತ್ತೆ ಬಿಗಿಯುವುದು ಇನ್ನೊಂದು. ಎರಡನೆಯದು ತೊಟ್ಟಿ ಕೆಳಗಿರುವಾಗ ಮಾತ್ರ. ತೊಟ್ಟಿ ಮೇಲಿದ್ದಾಗ ನಟ್ಟು ಸಡಿಲಿಸಿದವರ ಕಥೆಯನ್ನು ಅವರು ತಾವಾಗಿ ಹೇಳುವುದಕ್ಕೆ ಉಳಿದಿರುವುದಿಲ್ಲ.

ಎರಡನೆಯ ಹಟ ಇನ್ನೂ ಸ್ವಾರಸ್ಯವಾದದ್ದು. ತರ್ಕಶಾಸ್ತ್ರದ ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಓದಬೇಕೆಂದು ಬೇಡುತ್ತೇನೆ. ತೊಟ್ಟಿ ಏಳುತ್ತದೆ, ಇಳಿಯುವುದಿಲ್ಲ.

ಕಳೆದ ವರ್ಷ ಯುಗಾದಿಗೆ ಮುಂಚೆ ನಮ್ಮ ಕೆಂಪಾಪುರದ್ದೇ ಒಂದು ಓಣಿಯಲ್ಲಿ ಜಲ್ಲಿ ಇಳಿಸುತ್ತಿದ್ದೆವು. ಎರಡು ಕಡೆಯೂ ನಾಲ್ಕಂತಸ್ತಿನ ಮನೆಗಳು, ನಡುವೆ ಕರೆಂಟಿನ ತಂತಿ, ಕೇಬಲ್ಲಿನ ತಂತಿ, ಒಣಗಹಾಕಿದ ಬಟ್ಟೆಯ ತಂತಿ. ತೊಟ್ಟಿ ಎದ್ದಿತು, ಜಲ್ಲಿ ಸುರಿಯಿತು. ಲಿವರನ್ನು ಇಳಿಸುವ ಕಡೆಗೆ ಹಾಕಿದರೆ ತೊಟ್ಟಿ ಒಂದು ಗೇಣು ಇಳಿದು 'ಟಪ್' ಎಂದು ನಿಂತುಬಿಟ್ಟಿತು. ಮುಂದೆ ಹೋದರೆ ತೊಟ್ಟಿಯ ತುದಿ ಕರೆಂಟಿಗೆ ತಗಲುತ್ತದೆ. ಹಿಂದೆ ಜಲ್ಲಿಯ ರಾಶಿ. ಅತ್ತ ಒಂದು ಶಾಲೆಯ ವ್ಯಾನು, ಇತ್ತ ಒಂದು ಹಾಲಿನ ಗಾಡಿ. ಹಾರನ್ನುಗಳು ಶುರುವಾದವು. ಮನೆಯ ಯಜಮಾನರು ಮಹಡಿಯಿಂದ, "ಒಬ್ಬ ಮೇಲೆ ಹತ್ತಿ ಕುಣೀರಯ್ಯ, ಭಾರಕ್ಕೆ ಇಳಿಯುತ್ತೆ" ಎಂದು ಸಲಹೆ ಕೊಟ್ಟರು. ನಮ್ಮ ಕೂಲಿಯ ಹುಡುಗ ಹತ್ತಲು ಹೊರಟೇಬಿಟ್ಟ. ಅಪ್ಪ ಅವನ ಪಂಚೆಯ ಚುಂಗು ಹಿಡಿದು ಎಳೆದು ಕೂರಿಸಿದರು. ಅವನ ಕೋಪ ತಣ್ಣಗಾಗಲು ಎರಡು ಟೀ ಬೇಕಾಯಿತು.

ಯೋಚಿಸಿ ನೋಡಿ. ಏಳುವಾಗ ಎಣ್ಣೆ ಟ್ರಾಕ್ಟರಿನಿಂದ ಟ್ರೈಲರಿಗೆ ಹೋಗುತ್ತದೆ. ಅದು ಹೋಗುವ ರಭಸವೇ ಗಂಡಿನ ಕವಾಟವನ್ನು ಹಿಂದಕ್ಕೆ ತಳ್ಳಿ ತೆರೆಯುತ್ತದೆ. ಇಳಿಯುವಾಗ ಎಣ್ಣೆ ಅದೇ ಹೋಸಿನಲ್ಲಿ ಹಿಂದಿರುಗಬೇಕು. ಹಿಂದಿರುಗುವ ಎಣ್ಣೆ ಗಂಡಿನ ಕವಾಟವನ್ನು ಮುಚ್ಚುವ ಕಡೆಗೆ ನೂಕುತ್ತದೆ. ಅದನ್ನು ಮುಚ್ಚದಂತೆ ತಡೆದು ನಿಲ್ಲಿಸಬೇಕಾದದ್ದು ಎದುರಿನ ಹೆಣ್ಣುಭಾಗದ ಕವಾಟ, ಅದರ ಬೆನ್ನಿನ ಸ್ಪ್ರಿಂಗು. ಆ ಸ್ಪ್ರಿಂಗು ಸೋತಿದ್ದರೆ ಅದು ಹಿಂದೆ ಸರಿದುಕೊಡುತ್ತದೆ, ಗಂಡು ಕವಾಟ ಮುಚ್ಚಿಕೊಳ್ಳುತ್ತದೆ, ಎಣ್ಣೆ ಬಂದಿ. ಹಾಗಾದರೆ ಮಾಡಬೇಕಾದದ್ದು ಇಷ್ಟು: ಟ್ರಾಕ್ಟರಿನ ಕಡೆಯಿಂದ ಸ್ವಲ್ಪ ಎತ್ತಿ ಕವಾಟವನ್ನು ಮತ್ತೆ ತೆರೆಯುವುದು, ಆಮೇಲೆ ಲಿವರನ್ನು ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಇಳಿಸುವುದು. ರಭಸ ಕಡಮೆಯಾದರೆ ನೂಕುವ ಬಲವೂ ಕಡಮೆ. ಎಲ್ಲರನ್ನೂ ದೂರ ನಿಲ್ಲಿಸಿ ಹೀಗೆಯೇ ಮಾಡಿದೆವು. ತೊಟ್ಟಿ ಗರ್ಭಿಣಿ ಹೆಂಗಸು ಮೆಟ್ಟಿಲಿಳಿಯುವ ಹಾಗೆ ಇಳಿದು ಕೂತಿತು. ಮಹಡಿಯ ಯಜಮಾನರು, "ನಾನು ಆಗಲೇ ಹೇಳಲಿಲ್ಲವೆ?" ಎಂದರು.

ಆದರೆ ದೋಷ ಸ್ಪ್ರಿಂಗಿನದೇ ಎಂದು ಹೇಗೆ ಗೊತ್ತು? ಲಿವರಿನ ಕೆಳಗಿನ ವಾಲ್ವಿನದೂ ಆಗಬಹುದು, ಜಾಕಿನದೂ ಆಗಬಹುದು, ಹೋಸಿನ ಒಳಪದರ ಕಿತ್ತು ನಾಲಿಗೆಯಂತೆ ಅಡ್ಡ ಬಿದ್ದಿರಲೂಬಹುದು. ಜಾನ್ ಸ್ಟುವರ್ಟ್ ಮಿಲ್ ಎಂಬ ತತ್ತ್ವಜ್ಞಾನಿ 1843ರ ತನ್ನ ತರ್ಕಗ್ರಂಥದಲ್ಲಿ ವ್ಯತ್ಯಾಸದ ವಿಧಾನ ಎಂಬುದನ್ನು ಹೇಳಿದ್ದಾನೆ: ಮಿಕ್ಕೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡು. ನಾವು ಅದೇ ಸಂಜೆ ಟ್ರೈಲರನ್ನು ಪಕ್ಕದ ಮನೆಯ ಚಿಕ್ಕಪ್ಪನವರ ಟ್ರಾಕ್ಟರಿಗೆ ಕಟ್ಟಿದೆವು. ಸೊಗಸಾಗಿ ಎದ್ದು ಸೊಗಸಾಗಿ ಇಳಿಯಿತು. ಜಾಕು, ಹೋಸು, ಗಂಡು ಮೂವರೂ ನಿರಪರಾಧಿಗಳು ಎಂದಾಯಿತು. ಆಮೇಲೆ ಚಿಕ್ಕಪ್ಪನವರ ಹೆಣ್ಣುಭಾಗವನ್ನು ಬಿಚ್ಚಿ ನಮ್ಮ ಟ್ರಾಕ್ಟರಿಗೆ ಹಾಕಿದೆವು, ಇಳಿಯಿತು. ವಾಲ್ವೂ ಪಾರಾಯಿತು. ಅಪ್ಪನಿಗೆ ಮಿಲ್ಲನ ಹೆಸರು ಗೊತ್ತಿಲ್ಲ. ಒಂದೇ ಸಲಕ್ಕೆ ಎರಡು ಸಾಮಾನು ಬದಲಾಯಿಸಬಾರದೆಂಬುದು ಮಾತ್ರ ಗೊತ್ತು. "ಎಲ್ಡೂ ಬದ್ಲಾಯಿಸಿದ್ರೆ ಯಾವುದ್ಕೆ ಕಾಸು ಕೊಟ್ಟೆ ಅಂತ ಗೊತ್ತಾಗಾಕಿಲ್ಲ ಕಣ್ಲಾ" ಎನ್ನುತ್ತಾರೆ. ಪರೀಕ್ಷೆಯಲ್ಲಿ ನಾನು ಇದನ್ನೇ ಸ್ವಲ್ಪ ಗ್ರಾಂಥಿಕವಾಗಿ ಬರೆದೆ.

ಇನ್ನು ಸೋರಿಕೆಯ ವಿಚಾರ. ಸೋರುವುದಕ್ಕೆ ಸಾಮಾನ್ಯವಾಗಿ ಕಾರಣ ಓರಿಂಗು. ಮರಳಿನ ಒಂದು ಕಣ ಒಳಗೆ ಹೋಯಿತೆಂದರೆ ಅದು ರಬ್ಬರಿನ ಮೇಲೆ ಗೀರು ಹಾಕುತ್ತದೆ. ಮೊದಲು ಬೆವರಿನಂತೆ, ಆಮೇಲೆ ಕಣ್ಣೀರಿನಂತೆ ಎಣ್ಣೆ ಬರುತ್ತದೆ. ಇದು ನಾಲ್ಕು ಕಾಸಿನ ರೋಗ. ಹೋಸಿನದು ಹಾಗಲ್ಲ. ಹೋಸಿನ ರಬ್ಬರಿನ ಒಳಗೆ ಉಕ್ಕಿನ ತಂತಿಯ ಹೆಣಿಗೆ ಎರಡು ಪದರ ಇದೆ. ಮೇಲಿನ ರಬ್ಬರು ಉಜ್ಜಿ ಸವೆದು ತಂತಿಗೆ ನೀರು ತಗಲಿ ತುಕ್ಕು ಹಿಡಿದರೆ, ಸೂಜಿಯ ಮೊನೆಯಷ್ಟು ತೂತು ಬೀಳುತ್ತದೆ. ಅದರಿಂದ ಬರುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಸುತ್ತ ಒಂದು ಮಂಜು ಕಟ್ಟಿದಂತಿರುತ್ತದೆ, ಅಷ್ಟೆ.

ನಾನು ಮೊದಲನೆಯ ಬಿ.ಎ.ಯಲ್ಲಿದ್ದಾಗ ಅಪ್ಪ ಅಂಥ ಮಂಜನ್ನು ಕಂಡು, ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಹೋಸಿನ ಮೇಲೆ ಎಡಗೈಯ ತೋರುಬೆರಳನ್ನು ಆಡಿಸಿದರು. ಎಂಜಿನ್ ಓಡುತ್ತಿತ್ತು. "ಕೆಂಜಿಗ ಕಡ್ದಂಗಾಯ್ತು" ಎಂದರು. ಬೆರಳ ತುದಿಯಲ್ಲಿ ಒಂದು ಚುಕ್ಕೆ. ರಕ್ತವೂ ಇರಲಿಲ್ಲ. ಹತ್ತಿರದ ಒಂದು ದವಾಖಾನೆಯಲ್ಲಿ ತೊಳೆದು, ಪಟ್ಟಿ ಹಾಕಿ, ಧನುರ್ವಾಯುವಿನ ಸೂಜಿ ಚುಚ್ಚಿ ಕಳುಹಿಸಿದರು. ಅಪ್ಪ ಹೋಗಿ ಇನ್ನೆರಡು ಲೋಡು ಹೊಡೆದರು. ರಾತ್ರಿ ಒಂಬತ್ತರ ಹೊತ್ತಿಗೆ ಬೆರಳು ಬದನೆಕಾಯಿಯಂತೆ ಊದಿ ಬಣ್ಣ ತಿರುಗಿತ್ತು. ನೋವಿಗೆ ಅವರು ಗೋಡೆಗೆ ತಲೆ ಒರಗಿಸಿ ಕೂತಿದ್ದರು. ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಶಸ್ತ್ರವೈದ್ಯರು ಚುಕ್ಕೆಯನ್ನು ನೋಡಿದ ಕೂಡಲೇ ಕುರ್ಚಿಯಿಂದ ಎದ್ದರು. "ಯಾವ ಎಣ್ಣೆ? ಎಷ್ಟು ಒತ್ತಡ? ಎಷ್ಟು ಹೊತ್ತಾಯಿತು?" ಎಂದು ಕೇಳಿದರು.

ಹೊತ್ತು ಗೊತ್ತಿತ್ತು. ಮಿಕ್ಕವೆರಡು ಗೊತ್ತಿರಲಿಲ್ಲ. ಚಿಕ್ಕಪ್ಪನವರಿಗೆ ಫೋನು ಮಾಡಿ ಟ್ರಾಕ್ಟರಿನ ಸಾಮಾನು ಪೆಟ್ಟಿಗೆಯಲ್ಲಿ ಏನಾದರೂ ಕಾಗದ ಇದೆಯೇ ನೋಡಿ ಎಂದೆ. ಸ್ಪ್ಯಾನರುಗಳ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಸ್ತಕ ಸಿಕ್ಕಿತು. ಅಪ್ಪ ಆ ಟ್ರಾಕ್ಟರನ್ನು ಹಳೆಯದಾಗಿ ಕೊಂಡಾಗಲೇ ಅದರೊಳಗಿದ್ದುದು. ಹಿಂದಿನ ಯಜಮಾನರೂ ಸುತ್ತಿದ ಪ್ಲಾಸ್ಟಿಕ್ಕನ್ನು ಬಿಚ್ಚಿರಲಿಲ್ಲ. ಚಿಕ್ಕಪ್ಪ ಪುಟಗಳ ಚಿತ್ರ ತೆಗೆದು ಫೋನಿಗೆ ಕಳುಹಿಸಿದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಓದಿದೆ. ಇಂಗ್ಲಿಷಿನಲ್ಲಿತ್ತು. ಎಣ್ಣೆಯ ಹೆಸರು, ಒತ್ತಡದ ಅಂಕಿ ಎರಡೂ ಸಿಕ್ಕಿದವು, ವೈದ್ಯರಿಗೆ ಹೇಳಿದೆ. ಅದೇ ಪುಟದ ಬದಿಯಲ್ಲಿ ಒಂದು ಚೌಕದೊಳಗೆ ಕೈಯ ಚಿತ್ರ, ಅದರ ಮೇಲೆ ಬಾಣದಂತೆ ಬರುತ್ತಿರುವ ಎಣ್ಣೆಯ ಚಿತ್ರ. ಕೆಳಗೆ, ಸೋರಿಕೆಯನ್ನು ಕೈಯಿಂದ ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು, ಎಣ್ಣೆ ಚರ್ಮದೊಳಗೆ ಹೊಕ್ಕರೆ ಕೂಡಲೇ ಶಸ್ತ್ರವೈದ್ಯರಲ್ಲಿಗೆ ಹೋಗಬೇಕು ಎಂದು ದಪ್ಪ ಅಕ್ಷರಗಳಲ್ಲಿತ್ತು.

ಆ ರಾತ್ರಿಯೇ ಬೆರಳಿನಿಂದ ಅಂಗೈವರೆಗೆ ಕೊಯ್ದು ಎಣ್ಣೆಯನ್ನು ತೊಳೆದರು. ಎರಡು ದಿನ ಬಿಟ್ಟು ಮತ್ತೊಮ್ಮೆ ತೊಳೆದರು. ಬೆರಳು ಉಳಿಯಿತು. ಬಗ್ಗುವುದಿಲ್ಲ. ತುದಿಯಲ್ಲಿ ಸ್ಪರ್ಶವಿಲ್ಲ. ಇನ್ನು ಕೆಲವು ಗಂಟೆ ತಡವಾಗಿದ್ದರೆ ಕೈಯ ಮಾತು ಬೇರೆಯಾಗುತ್ತಿತ್ತು ಎಂದರು ವೈದ್ಯರು. ಅಪ್ಪ ಮೂರು ತಿಂಗಳು ಸ್ಟಿಯರಿಂಗ್ ಹಿಡಿಯಲಿಲ್ಲ. ಟ್ರಾಕ್ಟರಿನ ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು. ಡ್ರೈವರೊಬ್ಬನನ್ನು ಇಟ್ಟುಕೊಂಡು, ಬೆಳಗಿನ ಎರಡು ಲೋಡಿಗೆ ನಾನೂ ಜೊತೆಗೆ ಹೋಗತೊಡಗಿದೆ. ಕಾಲೇಜಿನ ಹಾಜರಿ ಕಡಮೆಯಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮುಂಚೆ ಯಾರೂ ಇಲ್ಲವಾದ್ದರಿಂದ ಹಾಜರಿ ಎಂದರೇನು, ಅದು ನೂರಕ್ಕೆ ಎಪ್ಪತ್ತೈದಕ್ಕೆ ಇಳಿದರೆ ಏನಾಗುತ್ತದೆ ಎಂದು ಮನೆಯವರಿಗೆ ಬಿಡಿಸಿ ಹೇಳುವ ಕೆಲಸವೂ ನನ್ನದೇ ಆಯಿತು. ಇತಿಹಾಸದ ಮೇಷ್ಟರು ಕರೆದು ಕಾರಣ ಕೇಳಿದರು. ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮೂರಲ್ಲೂ ಟ್ರಾಕ್ಟರಿದೆ ಕಣಯ್ಯ. ಆ ರಟ್ಟಿನ ವಿಷಯ ಇನ್ನೊಂದು ಸಲ ಹೇಳು" ಎಂದರು. ಹೇಳಿದೆ; ಅವರು ಅಲ್ಲಿಯೇ ಫೋನು ಮಾಡಿ ತಮ್ಮ ಅಣ್ಣನಿಗೆ ಹೇಳಿದರು.

ಟ್ರೈಲರಿನ ಮುಂದಿನ ಹಲಗೆಯ ಮೇಲೆ, 'ಶ್ರೀ ಆಂಜನೇಯ ಪ್ರಸನ್ನ' ಎಂಬುದರ ಕೆಳಗೆ, ಈಗ ಹಳದಿ ಬಣ್ಣದಲ್ಲಿ ಎರಡು ಸಾಲು ಕನ್ನಡ ಇದೆ: 'ಹೋಸು ಸೋರಿದರೆ ಬೆರಳು ಇಡಬೇಡಿ, ರಟ್ಟು ಇಡಿ. ತೊಟ್ಟಿ ಎದ್ದಿರುವಾಗ ಕೆಳಗೆ ಹೋಗಬೇಡಿ.' ಅಕ್ಷರ ನನ್ನದೇ, ಅಷ್ಟೇನೂ ದುಂಡಗಿಲ್ಲ. ಬೇರೆ ಟ್ರಾಕ್ಟರಿನವರು ಇಬ್ಬರು ಬಂದು ತಮಗೂ ಬರೆದುಕೊಡು ಎಂದು ಕೇಳಿ ಬರೆಸಿಕೊಂಡು ಹೋಗಿದ್ದಾರೆ. ಒಬ್ಬರು ಟೀ ಕೊಡಿಸಿದರು.

ಹೊಸ ಹೋಸು ಹಾಕಿಸಲು ಪೀಣ್ಯಕ್ಕೆ ಹೋಗುತ್ತೇವೆ. ಪೀಣ್ಯ ಹೈಡ್ರಾಲಿಕ್ಕಿನವರ ಕಾಶಿ ಎಂದರೆ ತಪ್ಪಲ್ಲ. 1973ರಲ್ಲಿ ಹುಟ್ಟಿದ ಡೈನಮ್ಯಾಟಿಕ್ ಸಂಸ್ಥೆಯವರು ಟ್ರಾಕ್ಟರಿನ ಹೈಡ್ರಾಲಿಕ್ ಪಂಪುಗಳಿಗೆ ಹೆಸರಾದದ್ದು ಅಲ್ಲಿಯೇ. ಸಣ್ಣ ಅಂಗಡಿಗಳಂತೂ ಸಾಲುಸಾಲಾಗಿವೆ. ಹೋಸನ್ನು ಅಳೆದು ಕತ್ತರಿಸಿ, ತುದಿಗೆ ಉಕ್ಕಿನ ಟೋಪಿ ಹಾಕಿ ಯಂತ್ರದಲ್ಲಿ ಒತ್ತಿ ಕೊಡುತ್ತಾರೆ. ಅಲ್ಲಿ ಎಚ್ಚರದಿಂದಿರಬೇಕಾದದ್ದು ಮರೆಯ ವಿಷಯದಲ್ಲಿ. ಅರ್ಧ ಅಂಗುಲದ ಬ್ರಿಟಿಷ್ ಮರೆಗೂ ಅಮೆರಿಕದ ಮರೆಗೂ ಅಂಗುಲಕ್ಕೆ ಹದಿನಾಲ್ಕೇ ಸುತ್ತು. ಆದರೆ ಒಂದರ ಹಲ್ಲಿನ ಕೋನ 55 ಡಿಗ್ರಿ, ಇನ್ನೊಂದರದು 60. ಒಂದಕ್ಕೊಂದು ಹಾಕಿದರೆ ಎರಡು ಸುತ್ತು ನಗುನಗುತ್ತ ಹೋಗಿ ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ. ಬಿಗಿಯಾಗಿದೆ ಎಂದು ತಿಳಿದು ಬಂದರೆ ಕೆಂಪಾಪುರಕ್ಕೆ ಬರುವ ಹೊತ್ತಿಗೆ ಎಣ್ಣೆ ಸ್ನಾನ. ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಮೇಲು. ಬಾಯಿಮಾತಿನ ಅಳತೆ ಕೂಡದು.

ಟ್ರೈಲರನ್ನು ಎರವಲು ಕೊಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ನಮ್ಮ ಟ್ರಾಕ್ಟರುಗಳಲ್ಲಿ ಜಾಕಿಗೆ ಹೋಗುವ ಎಣ್ಣೆ ಬೇರೆಯಲ್ಲ, ಗೇರಿನ ಪೆಟ್ಟಿಗೆಯದೇ. ಜಾಕಿನಲ್ಲಿ ಉಳಿದ ಎಣ್ಣೆ ಮುಂದಿನ ಟ್ರಾಕ್ಟರಿನ ಹೊಟ್ಟೆಗೆ ಹೋಗುತ್ತದೆ. ಒಬ್ಬರ ಎಂಜಲು ಇನ್ನೊಬ್ಬರಿಗೆ! ಅವರ ಎಣ್ಣೆಯಲ್ಲಿ ನೀರು ಸೇರಿ ಹಾಲು ಹಾಕಿದ ಕಾಫಿಯಂತಾಗಿದ್ದರೆ ನಾಳೆ ನಮ್ಮದೂ ಕಾಫಿಯೇ. ನೆಂಟಸ್ತಿಕೆ ಕೆಡದಂತೆ ಇದನ್ನು ಹೇಳುವುದು ಹೇಗೆಂದು ಅಪ್ಪನಿಗೆ ಇನ್ನೂ ತೋಚಿಲ್ಲ. ಚಿಕ್ಕಪ್ಪನವರಿಗೆ ಟ್ರೈಲರು ಕೊಡುವ ಮುಂಚೆ ಸುಮ್ಮನೆ ಅವರ ಟ್ರಾಕ್ಟರಿನ ಎಣ್ಣೆಯ ಕಡ್ಡಿಯನ್ನು ತೆಗೆದು ನೋಡಿ, "ಏನಿಲ್ಲ, ಎಷ್ಟೈತೆ ಅಂತ ನೋಡ್ದೆ" ಎನ್ನುತ್ತಾರೆ. ಚಿಕ್ಕಪ್ಪನೂ ನಮ್ಮದರ ಕಡ್ಡಿ ತೆಗೆದು ನೋಡಿ ಅದನ್ನೇ ಹೇಳುತ್ತಾರೆ.

ಕಪ್ಲಿಂಗಿಗೆ ಮುಚ್ಚಳ ಬರುತ್ತದೆ, ಕೊಂಡ ವಾರದಲ್ಲೇ ಕಳೆದುಹೋಗುತ್ತದೆ. ಇದಕ್ಕೆ ಪರಿಹಾರ ಕಂಡುಹಿಡಿದವರು ಅಮ್ಮ. ದಿನವೂ ಬರುವ ನಂದಿನಿ ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿ, ತಲೆಕೂದಲಿಗೆ ಹಾಕುವ ರಬ್ಬರು ಬ್ಯಾಂಡಿನಿಂದ ಗಂಡಿಗೊಂದು ಹೆಣ್ಣಿಗೊಂದು ಕಟ್ಟುತ್ತಾರೆ. ಧೂಳು ಹೋಗದು, ಮಳೆನೀರು ಹೋಗದು, ಕಳೆದರೆ ನಾಳೆ ಮತ್ತೊಂದು ಪೊಟ್ಟಣ ಬರುತ್ತದೆ. ಕೃಷಿಮೇಳದಲ್ಲಿ ನಾನು ಇಷ್ಟು ವರ್ಷ ನೋಡಿದ ಸಾಮಾನುಗಳಲ್ಲಿ ಇದಕ್ಕಿಂತ ಅಗ್ಗದ್ದು ಯಾವುದೂ ಇರಲಿಲ್ಲ.

ಈಗ ಸಂಜೆ ಟ್ರಾಕ್ಟರು ಬಂದು ನಿಂತ ಮೇಲೆ ಬಿಚ್ಚುವವನು ನಾನು. ಅಪ್ಪ ಜಗುಲಿಯ ಮೇಲೆ ಕೂತು, ಬಗ್ಗದ ಬೆರಳನ್ನು ಮಂಡಿಯ ಮೇಲಿಟ್ಟುಕೊಂಡು ಎಣಿಸುತ್ತಾರೆ. ಹತ್ತು ಆಗುವವರೆಗೆ ನನಗೆ ಬಳೆ ಎಳೆಯುವ ಅಪ್ಪಣೆಯಿಲ್ಲ. ಬೆರಳಿಗೆ ತಿಳಿಯದ್ದನ್ನು ಅವರು ಕಿವಿಯಿಂದ ತಿಳಿಯುತ್ತಾರೆ. ಮೊನ್ನೆ 'ಟಕ್' ಎನ್ನುವ ಬದಲು 'ಟಿಕ್' ಎಂದಿತಂತೆ. ಬಿಚ್ಚಿ ನೋಡಿದರೆ ಗುಂಡುಗಳಲ್ಲಿ ಒಂದು ಸವೆದಿತ್ತು. ಯಶವಂತಪುರದ ಅಂಗಡಿಯಲ್ಲಿ ಬಿಡಿ ಗುಂಡು ಕೊಡುವುದಿಲ್ಲ, ಪೂರ್ತಿ ಹೆಣ್ಣುಭಾಗವನ್ನೇ ಕೊಳ್ಳಬೇಕಂತೆ. ಅದನ್ನು ಪರೀಕ್ಷೆಗೆ ಮುಂಚೆ ಹಾಕಿಸುವುದೋ ಆಮೇಲೆ ಹಾಕಿಸುವುದೋ ಎಂಬ ಚರ್ಚೆ ಮನೆಯಲ್ಲಿ ಇನ್ನೂ ನಡೆದಿದೆ.